ಮಾಡು ಅಳೆದ ಏಪ್ರಿಲ್

ನಮ್ಮದು ಸಾಗರ ತಾಲ್ಲೂಕಿನ ಹಳ್ಳಿಮನೆ. ಮಣ್ಣಿನ ಗೋಡೆ, ಹಂಚಿನ ಮಾಡು (ಚಾವಣಿ), ಹಿಂದೆ ಕೊಟ್ಟಿಗೆ, ಅದರಾಚೆ ಅಡಿಕೆ ತೋಟ. ಹಿಂದಿನ ಮಳೆಗಾಲದಲ್ಲಿ ಮನೆಯೊಳಗೆ ಏಳು ಕಡೆ ಪಾತ್ರೆ ಇಡಬೇಕಾಗಿತ್ತು. ದೇವರ ಕೋಣೆಯ ಮೇಲೆ ಮಾಡನ್ನು ಹೊತ್ತ ಓರೆ ಮರಗಳಲ್ಲಿ, ಅಂದರೆ ಪಕಾಸಿಗಳಲ್ಲಿ, ಎರಡನ್ನು ಹೆಬ್ಬೆರಳಲ್ಲಿ ಒತ್ತಿದರೆ ಮರ ಹಿಟ್ಟಾಗಿ ಉದುರುತ್ತಿತ್ತು. "ಇನ್ನೊಂದು ಮಳೆಗಾಲ ಇದು ತಡೆಯೋದಿಲ್ಲ" ಎಂದರು ಅಪ್ಪಯ್ಯ. ಅಡಿಕೆ ಕೊಯ್ಲು, ಬೇಯಿಸುವುದು, ಒಣಗಿಸುವುದು ಎಲ್ಲ ಮುಗಿದು ಕೆಲಸಕ್ಕೆ ಜನ ಸಿಗುವ ಹೊತ್ತಿಗೆ ಏಪ್ರಿಲ್ ಬಂದಿತ್ತು. ಮಾಡು ಇಳಿಸಿ, ಮರ ಬದಲಿಸಿ, ಮತ್ತೆ ಹಂಚು ಹೊದಿಸಲು ಕೈಯಲ್ಲಿದ್ದದ್ದು ಒಂದೂವರೆ ತಿಂಗಳು.

ಎಷ್ಟು ಹಂಚು ಬೇಕು ಎಂಬ ಪ್ರಶ್ನೆಯಿಂದ ಎಲ್ಲ ಶುರುವಾಯಿತು. ನಾನು ಪಂಚಾಯಿತಿಯ ಮನೆ ಕಂದಾಯದ ಕಾಗದ ತೆಗೆದು ನೋಡಿದೆ. ಮನೆ 42 ಅಡಿ ಉದ್ದ, 26 ಅಡಿ ಅಗಲ. ಗುಣಿಸಿದರೆ 1,092 ಚದರ ಅಡಿ. ಹನ್ನೊಂದು ಚದರ ಎಂದು ಬರೆದಿಟ್ಟೆ. ನಮ್ಮಲ್ಲಿ ಮನೆ ಕೆಲಸದ ಮಾತಿನಲ್ಲಿ ಒಂದು ಚದರ ಎಂದರೆ ನೂರು ಚದರ ಅಡಿ, ಒಂದು ಚದರಕ್ಕೆ ಒಡಕು ತುಂಡು ಸೇರಿ ನೂರೈವತ್ತು ಮಂಗಳೂರು ಹಂಚು ಎನ್ನುವುದು ಹಳೆಯ ರೂಢಿ. ಹಾಗಾಗಿ 1,650 ಹಂಚು ಸಾಕು ಎಂದುಕೊಂಡೆ.

ಮರುದಿನ ಗುತ್ತಿಗೆದಾರರು ಬಂದು ಏಣಿ ಹಾಕಿ ಅಳೆದು ಹೋದರು. ಸಂಜೆ ಫೋನಿನಲ್ಲಿ ಬಂದ ಲೆಕ್ಕ: 3,077 ಚದರ ಅಡಿ. ಇಳಿಸುವ ಕೂಲಿ, ಹಂಚು ಕೂರುವ ಅಡ್ಡಪಟ್ಟಿ ರೀಪು ಹೊಡೆಯುವ ಕೂಲಿ, ಹೊದಿಸುವ ಕೂಲಿ ಎಲ್ಲ ಅದರ ಮೇಲೆ. ಹಂಚು ನಾಲ್ಕು ಸಾವಿರದ ಆರುನೂರು ಬೇಕೆಂದೂ ಬರೆದಿದ್ದರು.

ಒಂದೇ ಮನೆ. ನನ್ನ ಲೆಕ್ಕಕ್ಕೂ ಅವರ ಲೆಕ್ಕಕ್ಕೂ ಸುಮಾರು ಮೂರು ಪಟ್ಟು ವ್ಯತ್ಯಾಸ. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಅಪ್ಪಯ್ಯ ಅಡಿಕೆ ಮಾರಿ ಇಟ್ಟ ದುಡ್ಡು ಅದು. ಕಡಿಮೆ ಹಿಡಿದರೆ ಅರ್ಧ ಮಾಡು ತೆರೆದಿರುವಾಗ ಹಂಚು ಮುಗಿದು ಮಳೆ ಬರುತ್ತದೆ, ಹೆಚ್ಚು ಹಿಡಿದರೆ ದುಡ್ಡು ಹೋಗುತ್ತದೆ. ಎರಡೂ ಬೇಡ, ನಾನೇ ಅಳೆಯುತ್ತೇನೆ ಎಂದು ಬೆಳಿಗ್ಗೆ ಎದ್ದೆ.

ಮೊದಲು ನನ್ನ ತಪ್ಪು ಗೊತ್ತಾಯಿತು. ಕಂದಾಯದ ಕಾಗದದಲ್ಲಿರುವುದು ಗೋಡೆಯ ಅಳತೆ. ಮಲೆನಾಡಿನ ಮಾಡು ಗೋಡೆಗೇ ಮುಗಿಯುವುದಿಲ್ಲ, ನಾಲ್ಕೂ ಕಡೆ ಮುಂದೆ ಚಾಚುತ್ತದೆ. ಗಾಳಿಮಳೆಗೆ ಮಣ್ಣಿನ ಗೋಡೆ ನೆನೆಯಬಾರದು ಎಂದೇ ಹಾಗೆ ಕಟ್ಟಿದ್ದು. ನಮ್ಮಲ್ಲಿ ಸೂರು, ಅಂದರೆ ಮಾಡಿನ ಕೆಳಗಿನ ಅಂಚು, ಸುತ್ತಲೂ ಮೂರಡಿ ಹೊರಗಿದೆ. ಉದ್ದಕ್ಕೆ ಆರಡಿ, ಅಗಲಕ್ಕೆ ಆರಡಿ ಸೇರಿಸಿದರೆ 48 ಅಡಿ, 32 ಅಡಿ. ಗುಣಿಸಿದರೆ 1,536. ಇಷ್ಟಕ್ಕೇ ನಾಲ್ಕೂವರೆ ಚದರ ಹೆಚ್ಚಾಯಿತು, ಇಳಿಜಾರು ಇನ್ನೂ ಸೇರಿಲ್ಲ.

ಇಳಿಜಾರು ಅಳೆಯಲು ಮಾಡು ಹತ್ತಬೇಕಾಗಿಲ್ಲ, ಅಟ್ಟ ಸಾಕು. ಹೊಗೆ ಹಿಡಿದು ಕಪ್ಪಾದ ಅಟ್ಟದಲ್ಲಿ ಟಾರ್ಚ್ ಹಿಡಿದು ಬಗ್ಗಿ ಕೂತೆ. ಗಾರೆ ಕೆಲಸದವರ ರಸಮಟ್ಟವನ್ನು ಪಕಾಸಿಗೆ ಒಂದು ತುದಿ ತಾಗಿಸಿ, ಗುಳ್ಳೆ ನಡುವೆ ನಿಲ್ಲುವ ತನಕ ಇನ್ನೊಂದು ತುದಿಯನ್ನು ಏರಿಸಿ ಇಳಿಸಿ ಹಿಡಿದೆ. ತಾಗಿದ ಜಾಗದಿಂದ ಮಟ್ಟದ ಮೇಲೆ ಹನ್ನೆರಡು ಅಂಗುಲ ಗುರುತು ಮಾಡಿ, ಅಲ್ಲಿಂದ ನೇರ ಮೇಲಕ್ಕೆ ಪಕಾಸಿ ಎಷ್ಟು ದೂರವಿದೆ ಎಂದು ಟೇಪು ಹಿಡಿದೆ. ಎಂಟು ಅಂಗುಲ. ಇನ್ನೂ ಮೂರು ಕಡೆ ನೋಡಿದೆ, ಅಲ್ಲೂ ಎಂಟೇ, ಒಂದು ಕಡೆ ಮಾತ್ರ ಪಕಾಸಿ ಬಾಗಿ ಏಳೂಮುಕ್ಕಾಲು. ಅಂದರೆ ಒಂದಡಿ ಅಡ್ಡ ಹೋದರೆ ಎಂಟು ಅಂಗುಲ ಏರು.

ಇದಕ್ಕೆ ಬೇಕಾದ ಗಣಿತ ಹತ್ತನೇ ತರಗತಿಯ ಪೈಥಾಗೊರಸ್ ಪ್ರಮೇಯ. ಹನ್ನೆರಡರ ವರ್ಗ 144, ಎಂಟರ ವರ್ಗ 64, ಕೂಡಿದರೆ 208, ಅದರ ವರ್ಗಮೂಲ 14.42. ಅಡ್ಡಕ್ಕೆ ಹನ್ನೆರಡು ಅಂಗುಲ ಹೋಗುವಾಗ ಪಕಾಸಿ 14.42 ಅಂಗುಲ ಹೋಗುತ್ತದೆ. 14.42ನ್ನು 12ರಿಂದ ಭಾಗಿಸಿದರೆ ಸುಮಾರು 1.2, ಇನ್ನೂ ನಿಖರವಾಗಿ 1.2019. ನಮ್ಮ ಮನೆಯ ಇಳಿಜಾರಿನ ಗುಣಕ ಇದು. ಬೇರೆ ಇಳಿಜಾರಿಗೂ ಹೀಗೇ ತೆಗೆದು ಪುಸ್ತಕದ ಮೂಲೆಯಲ್ಲಿ ಬರೆದಿಟ್ಟೆ: ಅಡಿಗೆ ನಾಲ್ಕು ಅಂಗುಲ ಏರಿದರೆ 1.05, ಆರಕ್ಕೆ 1.12, ಹತ್ತಕ್ಕೆ 1.30, ಹನ್ನೆರಡಕ್ಕೆ 1.41.

ಮಾಡಿನ ಅಗಲ 32 ಅಡಿ, ಅದರ ಅರ್ಧ 16. ಪಕಾಸಿಯ ಉದ್ದ 16 ಗುಣಿಸು 1.2019, ಅಂದರೆ 19.23 ಅಡಿ. ನೆತ್ತಿಯಿಂದ ಸೂರಿನ ತನಕ ಟೇಪು ಎಳೆದು ನೋಡಿದಾಗ 19 ಅಡಿ 3 ಅಂಗುಲ ಬಂತು. ಕಾಗದದ ಲೆಕ್ಕವೂ ಮರವೂ ಕಾಲು ಅಂಗುಲದೊಳಗೆ ಒಂದಾದದ್ದು ಕಂಡು ನನಗೆ ನಿಜವಾಗಿಯೂ ಸಂತೋಷವಾಯಿತು. ನೂರು ವರ್ಷದ ಹಿಂದೆ ಯಾರೋ ಆಚಾರ್ರು ಬರೀ ಮೂಲೆಮಟ್ಟ, ದಾರ, ತೂಗುಗುಂಡು ಹಿಡಿದು ಕೂರಿಸಿದ ಮರ ಅದು.

ನಮ್ಮದು ನಾಲ್ಕೂ ಕಡೆ ಇಳಿಯುವ ಮಾಡು. ಮುಂದೆ ಹಿಂದೆ ಎರಡು ತ್ರಾಪಿಜ್ಯ, ಎಡಕ್ಕೂ ಬಲಕ್ಕೂ ಎರಡು ತ್ರಿಕೋನ. ತ್ರಾಪಿಜ್ಯದ ಕೆಳಗಿನ ಅಂಚು 48 ಅಡಿ, ಮೇಲೆ ನೆತ್ತಿ 16 ಅಡಿ. ಎರಡನ್ನೂ ಕೂಡಿ ಅರ್ಧ ಮಾಡಿದರೆ 32, ಅದನ್ನು 19.23ರಿಂದ ಗುಣಿಸಿದರೆ 615. ಅಂಥವು ಎರಡು. ತ್ರಿಕೋನದ ತಳ 32, ಎತ್ತರ 19.23, ಅರ್ಧ ಮಾಡಿದರೆ 308. ಅಂಥವು ಎರಡು. ಎಲ್ಲ ಸೇರಿ 1,846 ಚದರ ಅಡಿ.

ಆಗ ಗುತ್ತಿಗೆದಾರರ 3,077 ಎಲ್ಲಿಂದ ಬಂತು ಎಂಬುದೂ ಹೊಳೆಯಿತು. ಅವರು ಪ್ರತಿ ಕಡೆಯ ಸೂರಿನ ಉದ್ದವನ್ನು ಪಕಾಸಿಯ ಉದ್ದದಿಂದ ಗುಣಿಸಿದ್ದರು, ನಾಲ್ಕು ಮಗ್ಗುಲೂ ಆಯತ ಎಂಬಂತೆ. 48 ಗುಣಿಸು 19.23 ಎರಡು ಸಲ, 32 ಗುಣಿಸು 19.23 ಎರಡು ಸಲ. ಮೋಸ ಮಾಡಲು ಹೊರಟವರಲ್ಲ ಅವರು, ಎರಡೇ ಕಡೆ ಇಳಿಯುವ ಶೆಡ್ಡುಗಳನ್ನು ಅಳೆದು ಅಳೆದು ಕೈಗೆ ಬಂದ ರೂಢಿಯನ್ನು ಇಲ್ಲಿಗೂ ತಂದಿದ್ದರು. ಇಲ್ಲವೇ ಇಲ್ಲದ ಹನ್ನೆರಡು ಚದರಕ್ಕೂ ಹೆಚ್ಚಿನ ಮಾಡಿಗೆ ನಾವು ದುಡ್ಡು ಕೊಡಬೇಕಾಗಿತ್ತು.

ಈ 1,846ನ್ನು ನೋಡುತ್ತಾ ಕೂತಾಗ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. 1,536ನ್ನು 1.2019ರಿಂದ ಗುಣಿಸಿದರೂ 1,846. ತ್ರಾಪಿಜ್ಯ, ತ್ರಿಕೋನ ಏನೂ ಬೇಕಾಗಿರಲಿಲ್ಲ. ಎಲ್ಲ ಮಗ್ಗುಲಿನ ಇಳಿಜಾರು ಒಂದೇ ಆಗಿದ್ದರೆ, ಮಾಡಿನ ಕೆಳಗಿನ ನೆಲದ ವಿಸ್ತೀರ್ಣವನ್ನು ಇಳಿಜಾರಿನ ಗುಣಕದಿಂದ ಗುಣಿಸಿದರೆ ಮುಗಿಯಿತು. ಎರಡು ಕಡೆ ಇಳಿಯಲಿ, ನಾಲ್ಕು ಕಡೆ ಇಳಿಯಲಿ, ನಮ್ಮೂರ ಚೌಡಿ ಗುಡಿಯ ಹಾಗೆ ಒಂದೇ ತುದಿಗೆ ಕೂಡಲಿ. ಮಾಡಿನ ಪ್ರತಿ ತುಣುಕೂ ತನ್ನ ಕೆಳಗಿನ ನೆಲಕ್ಕಿಂತ ಒಂದೇ ಪ್ರಮಾಣದಲ್ಲಿ ದೊಡ್ಡದು, ಆ ತುಣುಕು ಯಾವ ಕಡೆ ಮುಖ ಮಾಡಿದ್ದರೂ ಸರಿ.

ನೆಲದ ವಿಸ್ತೀರ್ಣ ಎಂದರೆ ನೆತ್ತಿಯ ಮೇಲೆ ಸೂರ್ಯನಿದ್ದಾಗ ಬೀಳುವ ನೆರಳು. ನಮ್ಮ ಕಡೆ ಅಂಥ ದಿನ ನಿಜವಾಗಿಯೂ ಬರುತ್ತದೆ, ವರ್ಷಕ್ಕೆ ಎರಡು ಸಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಸಾಗರದಲ್ಲಿ ಅದಾಗಿ ನಾಲ್ಕು ದಿನಕ್ಕೆ. ಎರಡನೆಯದು ಆಗಸ್ಟಿನಲ್ಲಿ, ಆಗ ಮಲೆನಾಡಿನಲ್ಲಿ ಸೂರ್ಯನ ಮುಖ ಕಾಣುವುದೇ ಕಷ್ಟ. ಏಪ್ರಿಲ್ 28ಕ್ಕೆ ನಾವಿನ್ನೂ ಮಾಡು ಇಳಿಸಿರಲಿಲ್ಲ. ಹನ್ನೆರಡೂವರೆಗೆ ಎರಡು ಮೂರು ನಿಮಿಷ ಇರುವಾಗ ಅಂಗಳಕ್ಕೆ ಇಳಿದೆ. ಅಂಗಳದಲ್ಲಿ ನೆಟ್ಟ ಕೋಲಿಗೆ ನೆರಳೇ ಇರಲಿಲ್ಲ, ಬುಡದಲ್ಲಿ ಒಂದು ಕಪ್ಪು ಚುಕ್ಕೆ ಅಷ್ಟೆ. ಸೂರಿನ ನೆರಳು ಮನೆಯ ಸುತ್ತ ಗೆರೆ ಎಳೆದ ಹಾಗೆ ಬಿದ್ದಿತ್ತು. ಹಂಚಿನ ತುದಿಗಳ ಸಣ್ಣ ಸಣ್ಣ ಅಲೆ ಕೂಡ ಸೆಗಣಿ ಸಾರಿಸಿದ ನೆಲದ ಮೇಲೆ ಕಾಣುತ್ತಿತ್ತು. ಅಮ್ಮ ನಾಲ್ಕು ಮೂಲೆಗೂ ಒಂದೊಂದು ಕಲ್ಲು ಇಟ್ಟರು. ಹಿಂದಿನ ಅಂಗಳ ಒಂದಡಿ ತಗ್ಗು, ಆದರೂ ನೆರಳು ನೇರ ಕೆಳಗೆ ಬೀಳುವುದರಿಂದ ಅದರಿಂದ ಏನೂ ತೊಂದರೆಯಾಗಲಿಲ್ಲ, ಟೇಪನ್ನು ಮಟ್ಟವಾಗಿ ಹಿಡಿದರಾಯಿತು. ಕಲ್ಲಿನಿಂದ ಕಲ್ಲಿಗೆ ಒಂದು ಕಡೆ 48 ಅಡಿ 1 ಅಂಗುಲ, ಇನ್ನೊಂದು ಕಡೆ ಸರಿಯಾಗಿ 32. ಮೂಲೆಯಿಂದ ಮೂಲೆಗೆ ಎಳೆದಾಗ ಒಂದು 57 ಅಡಿ 8 ಅಂಗುಲ, ಇನ್ನೊಂದು ಮೂರು ಅಂಗುಲ ಹೆಚ್ಚು. ಮಣ್ಣಿನ ಮನೆ ಇಷ್ಟು ಕಾಲದಲ್ಲಿ ಅಷ್ಟು ಮಾತ್ರ ವಾಲಿದೆ.

ಇದೇ ಉಪಾಯ ನಮ್ಮ ಮಾವನ ಚೌಕಿ ಮನೆಗೂ ಆಗುತ್ತದೆ. ಅಲ್ಲಿ ಮಾಡು ಹೊರಗೂ ಇಳಿಯುತ್ತದೆ, ನಡುವಿನ ತೆರೆದ ಅಂಗಳವಾದ ಚೌಕಿಗೂ ಇಳಿಯುತ್ತದೆ, ಒಳಮೂಲೆಗಳಲ್ಲಿ ತಗಡಿನ ದೋಣಿ ಬೇರೆ. ನೋಡಿದರೆ ತಲೆ ತಿರುಗುವ ಆಕಾರ. ಆದರೆ ಹೊರಗಿನ ನೆರಳು 60 ಗುಣಿಸು 54, ಚೌಕಿಯೊಳಗೆ ಬೀಳುವ ಬಿಸಿಲಿನ ಚೌಕ 12 ಗುಣಿಸು 10. ಇಳಿಜಾರು ನಮ್ಮದರಷ್ಟೇ ಎಂದು ಹಿಡಿದು, ಮೊದಲನೆಯದರಲ್ಲಿ ಎರಡನೆಯದನ್ನು ಕಳೆದು 1.2019ರಿಂದ ಗುಣಿಸಿದರೆ 3,750. ಮಾವನಿಗೆ ಫೋನಿನಲ್ಲೇ ಹೇಳಿದೆ.

ಇನ್ನು ಗುತ್ತಿಗೆದಾರರಿಗೆ ಹೇಳುವುದು ಹೇಗೆ? ಕಾಗದ ತೋರಿಸಿದೆ. "ಮೇಡಂ, ನಾಲ್ಕು ಕಡೆ ಇರೋ ಮಾಡು ಎರಡು ಕಡೆ ಇರೋ ಮಾಡಿಗಿಂತ ದೊಡ್ಡದೇ ಅಲ್ವಾ?" ಎಂದರು. ಅವರ ಮಾತಿನಲ್ಲಿ ಹಟವಿರಲಿಲ್ಲ. ನಾಲ್ಕು ಮಗ್ಗುಲು ಎರಡಕ್ಕಿಂತ ಹೆಚ್ಚು ಎಂದು ಯಾರಿಗಾದರೂ ಅನಿಸುತ್ತದೆ.

ಮರದ ಕೆಲಸಕ್ಕೆ ಬಂದಿದ್ದ ಆಚಾರ್ರು ಜಗಲಿಯ ಮೇಲೆ ಕೂತು ಎಲ್ಲ ಕೇಳುತ್ತಿದ್ದರು. ಎಪ್ಪತ್ತು ದಾಟಿದವರು, ನಮ್ಮ ಕೊಟ್ಟಿಗೆಯ ಮಾಡನ್ನು ಕೂರಿಸಿದವರೂ ಅವರೇ. "ತಂಗೀ, ಎರಡು ಹಾಳೆ ತಾ" ಎಂದರು. ದನಕ್ಕೆಂದು ನೀರಿನಲ್ಲಿ ನೆನೆಹಾಕಿದ್ದ ಅಡಿಕೆ ಹಾಳೆ ತಂದುಕೊಟ್ಟೆ. ನೆನೆದ ಹಾಳೆ ಬಟ್ಟೆಯ ಹಾಗೆ ಬಗ್ಗುತ್ತದೆ. ನಾಲ್ಕಡಿಗೆ ಒಂದಂಗುಲ ಎಂದು ಲೆಕ್ಕ ಹಿಡಿದು, ಎರಡು ಹಾಳೆಯಲ್ಲೂ ಹನ್ನೆರಡು ಅಂಗುಲ ಉದ್ದ, ಐದಕ್ಕೆ ಸ್ವಲ್ಪ ಕಡಿಮೆ ಅಗಲದ ಪಟ್ಟಿ ಕೊಯ್ದರು. ಎರಡನ್ನೂ ಮಾಡಿನ ಹಾಗೆ ಒಂದಕ್ಕೊಂದು ಒರಗಿಸಿ ನಿಲ್ಲಿಸಿದರು. "ಇದು ನಿಮ್ಮ ಎರಡು ಕಡೆ ಇಳಿಯೋ ಶೆಡ್ಡು, ಹೌದಾ?" ಗುತ್ತಿಗೆದಾರರು ಹೌದೆಂದರು. ಆಮೇಲೆ ಪ್ರತಿ ಪಟ್ಟಿಯ ಎರಡೂ ತುದಿಯಲ್ಲಿ ಮೇಲಿನ ಅಂಚಿನಲ್ಲಿ ನಾಲ್ಕಂಗುಲ ಒಳಗೆ ಗುರುತು ಹಾಕಿ, ಅಲ್ಲಿಂದ ಕೆಳಗಿನ ಮೂಲೆಗೆ ಓರೆಯಾಗಿ ಕತ್ತಿ ಎಳೆದರು. ನಾಲ್ಕು ಲಂಬಕೋನದ ತುಂಡು ಬಿದ್ದವು. ಉಳಿದದ್ದು ಎರಡು ತ್ರಾಪಿಜ್ಯ, ನಮ್ಮ ಮನೆಯ ಮುಂದಿನ ಹಿಂದಿನ ಮಗ್ಗುಲು. ಬಿದ್ದ ತುಂಡುಗಳನ್ನು ಎರಡೆರಡಾಗಿ ಬೆನ್ನಿಗೆ ಬೆನ್ನು ಹಚ್ಚಿ ಜೋಡಿಸಿದರು. ಎರಡು ತ್ರಿಕೋನಗಳಾದವು. ಎಡ ಬಲಕ್ಕೆ ಇಟ್ಟರೆ ಸರಿಯಾಗಿ ಮುಚ್ಚಿಕೊಂಡವು. ಒಂದು ಚೂರು ಹಾಳೆ ಉಳಿಯಲಿಲ್ಲ, ಒಂದು ಚೂರು ಕಡಿಮೆಯೂ ಆಗಲಿಲ್ಲ.

ಗುತ್ತಿಗೆದಾರರು ಆ ತುಂಡುಗಳನ್ನು ತಾವೇ ಎತ್ತಿ ಮತ್ತೆ ಬಿಡಿಸಿ ಮತ್ತೆ ಜೋಡಿಸಿ ನೋಡಿದರು. "ಸರಿ ಹಾಗಾದ್ರೆ. ಆದ್ರೆ ಮೂಲೆ ಕೆಲಸ?" ಎಂದರು.

ಅದು ನ್ಯಾಯವಾದ ಪ್ರಶ್ನೆ. ವಿಸ್ತೀರ್ಣ ಒಂದೇ ಆದರೂ ಕೆಲಸ ಒಂದೇ ಅಲ್ಲ. ಎರಡು ಕಡೆ ಇಳಿಯುವ ಮಾಡಿಗೆ ನೆತ್ತಿಯ ಮೇಲೆ ಕವುಚುವ ಹಂಚು 48 ಅಡಿ ಉದ್ದಕ್ಕೆ ಸಾಕು. ನಾಲ್ಕು ಕಡೆ ಇಳಿಯುವ ಮಾಡಿಗೆ ನೆತ್ತಿ 16 ಅಡಿ, ಜೊತೆಗೆ ನಾಲ್ಕು ಮೂಲೆ. ಮೂಲೆಯ ಪಕಾಸಿ ಎಷ್ಟುದ್ದ? ನೆಲದ ಮೇಲೆ ಅದು 16ಕ್ಕೆ 16ರ ಚೌಕದ ಕರ್ಣ, 22.63 ಅಡಿ. ಏರು 10 ಅಡಿ 8 ಅಂಗುಲ. ಮತ್ತೆ ಪೈಥಾಗೊರಸ್ ಹಾಕಿದರೆ ಹೆಚ್ಚುಕಡಿಮೆ 25 ಅಡಿ. ನಾಲ್ಕು ಮೂಲೆ ಸೇರಿ ನೂರಡಿ, ನೆತ್ತಿಯೂ ಸೇರಿ 116 ಅಡಿ. ಆ ನೂರಡಿಯ ಎರಡೂ ಬದಿಗೆ ಪ್ರತಿ ಸಾಲಿನ ಕೊನೆಯ ಹಂಚನ್ನು ಓರೆಯಾಗಿ ಕತ್ತರಿಸಬೇಕು, ಕತ್ತರಿಸುವಾಗ ಒಡೆಯುತ್ತದೆ, ಗಾರೆ ಬೇಕು, ಕೈ ನಿಧಾನ. ಕೊನೆಗೆ ಮಾತು ಹೀಗೆ ಇತ್ಯರ್ಥವಾಯಿತು: ಚದರಡಿ ಕೂಲಿ 1,846ಕ್ಕೆ, ಮೂಲೆ ಕೆಲಸಕ್ಕೆ ನೂರಡಿಗೆ ಬೇರೆ ದರ. ಇಬ್ಬರಿಗೂ ಸಮಾಧಾನವಾಯಿತು. ವಿಸ್ತೀರ್ಣದೊಳಗೆ ಮೂಲೆ ಕೂಲಿಯನ್ನು ಬಚ್ಚಿಡುವುದಕ್ಕಿಂತ ಹೀಗೆ ಬಿಡಿಸಿ ಬರೆಯುವುದೇ ಒಳ್ಳೆಯದು ಎಂದು ಈಗಲೂ ನಾನು ನಂಬಿದ್ದೇನೆ.

ಹಂಚು ಇಳಿಸಿದ ದಿನ ಇನ್ನೊಂದು ಸಾಕ್ಷಿ ಸಿಕ್ಕಿತು. ಇಳಿಸಿದ್ದನ್ನೆಲ್ಲ ಅಂಗಳದಲ್ಲಿ ಹತ್ತು ಹತ್ತರ ಸಾಲಾಗಿ ನಿಲ್ಲಿಸಿ ಎಣಿಸಿದೆವು. ಒಡಕು, ತುಂಡು ಎಲ್ಲ ಸೇರಿ 2,684. ನನ್ನ ಲೆಕ್ಕದ ಪ್ರಕಾರ 18.46 ಚದರಕ್ಕೆ 2,770 ಬೇಕಿತ್ತು, ಅದರಲ್ಲಿ ಒಡಕಿಗೆಂದು ಹಿಡಿದದ್ದೂ ಸೇರಿದೆ. ಇಷ್ಟು ವರ್ಷ ತಲೆಯ ಮೇಲಿದ್ದ ಮಾಡು ತನ್ನ ವಿಸ್ತೀರ್ಣವನ್ನು ತಾನೇ ಹೇಳಿತು.

ಎಣಿಸುವಾಗ ಅಮ್ಮನ ಕೈಗೆ ಪಾಚಿ ಕಟ್ಟಿದ ಒಂದು ಹಂಚು ಬಂತು. ತೆಂಗಿನ ನಾರಿನಿಂದ ತಿಕ್ಕಿದಾಗ ಹಿಂಬದಿಯಲ್ಲಿ ಉಬ್ಬಕ್ಷರ ಕಂಡಿತು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಮನೆ ಕಟ್ಟಿದ್ದೇ 1865ರಲ್ಲಿ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದು ಈ ಹಂಚಿನಿಂದಲೇ ಇರಬೇಕು. ಅದು ಮಂಗಳೂರಿನಲ್ಲಿ ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷವಲ್ಲ. ಆದರೆ ಮೊದಲ ಮಹಾಯುದ್ಧದ ಹೊತ್ತಿಗೆ ಆ ಕಾರ್ಖಾನೆಗಳು ಮಿಷನ್ ಕೈತಪ್ಪಿ ಕಾಮನ್‌ವೆಲ್ತ್ ಟ್ರಸ್ಟಿಗೆ ಹೋದವು. ಹಾಗಾಗಿ ಮಿಷನ್ ಹೆಸರಿರುವ ಈ ಹಂಚಿಗೆ ನೂರು ವರ್ಷ ದಾಟಿದೆ. ಆಚಾರ್ರು ಬೆರಳ ಗಿಣ್ಣಿನಿಂದ ತಟ್ಟಿ ನೋಡಿದರು. ಠಣ್ ಎಂದಿತು. ಹಾಗೆ ಠಣ್ ಎಂದವು 1,912. ಸದ್ದು ಮಂದವಾದವನ್ನು ಬದಿಗಿಟ್ಟೆವು.

ಹಳೆಯ ಹಂಚಿಗೂ ಹೊಸ ಕಾರ್ಖಾನೆಯ ಹಂಚಿಗೂ ಕಚ್ಚು ಕೂಡುವುದಿಲ್ಲ, ಒಂದೇ ಸಾಲಿನಲ್ಲಿ ಬೆರೆಸಿದರೆ ಸೋರುತ್ತದೆ. ಆಗ ಮಗ್ಗುಲು ಮಗ್ಗುಲಿನ ಲೆಕ್ಕ ಬೇಕಾಯಿತು. ಎರಡು ತ್ರಾಪಿಜ್ಯಕ್ಕೆ 12.3 ಚದರ, 1,846 ಹಂಚು. ಠಣ್ ಎಂದವು ಅಷ್ಟಕ್ಕೆ ಸಾಲುತ್ತವೆ. ಎರಡು ತ್ರಿಕೋನಕ್ಕೆ ಹೊಸ ಹಂಚು 950. ಹಳತೂ ಹೊಸತೂ ಸೇರುವುದು ಮೂಲೆಯಲ್ಲಿ, ಅಲ್ಲಿ ಹೇಗೂ ಕತ್ತರಿಸಿ ಮೇಲೆ ಹಂಚು ಕವುಚುವುದರಿಂದ ಕಚ್ಚಿನ ತಕರಾರಿಲ್ಲ. ಚದರಡಿಗೂ ವಿಸ್ತೀರ್ಣಕ್ಕೂ ಅಮ್ಮನಿಗೆ ಹೆಚ್ಚು ಆಸಕ್ತಿಯಿಲ್ಲ, ಆದರೆ ಮುಂಬಾಗಿಲ ಮೇಲೆ ಹಳೆಯ ಹಂಚೇ ಬರುತ್ತದೆ ಎಂದಾಗ ಅವರ ಮುಖ ಅರಳಿತು.

ಕೊಟ್ಟಿಗೆ ಬೇರೆ ಕಥೆ. ಅದಕ್ಕೆ ಮೊದಲು ಹುಲ್ಲಿನ ಹೊದಿಕೆ ಇತ್ತು. ಹುಲ್ಲಿನ ಮೇಲೆ ನೀರು ನಿಲ್ಲಬಾರದೆಂದು ಮಾಡನ್ನು ಕಡಿದಾಗಿಯೇ ಕಟ್ಟುತ್ತಿದ್ದರು, ಹಂಚು ಹೊದಿಸುವಾಗಲೂ ಆ ಕಡಿದಾದ ಇಳಿಜಾರು ಹಾಗೇ ಉಳಿಯಿತು. ಅಡಿಗೆ ಹನ್ನೆರಡು ಅಂಗುಲ ಏರು, ಗುಣಕ 1.41. ನೆರಳು 30 ಗುಣಿಸು 20, ಆರುನೂರು. ಮಾಡು 848 ಚದರ ಅಡಿ, ಹಂಚು ಸುಮಾರು 1,300. ನೆಲದಲ್ಲಿ ಮನೆಯ ಐದರಲ್ಲಿ ಎರಡು ಪಾಲು, ಹಂಚಿನಲ್ಲಿ ಅರ್ಧದ ಹತ್ತಿರ. ಬಚ್ಚಲುಮನೆಯದು ಒಂದೇ ಕಡೆ ಇಳಿಯುವ ಮಾಡು, ಅಡಿಗೆ ನಾಲ್ಕೇ ಅಂಗುಲ. ಮಂಗಳೂರು ಹಂಚಿಗೆ ಆ ಇಳಿಜಾರು ಸಾಲದು, ಗಾಳಿಮಳೆಗೆ ನೀರು ಹಿಂದಕ್ಕೆ ಹತ್ತುತ್ತದೆ. 253 ಚದರ ಅಡಿಗೆ ಶೀಟು ಹಾಕಿಸಿದೆವು.

ನನ್ನ ನೆರಳಿನ ಲೆಕ್ಕ ಸೋತದ್ದು ಅಡಿಕೆ ಒಣಗಿಸುವ ಪಾಲಿಹೌಸ್ ಮುಂದೆ. ಕಮಾನಿನ ಪೈಪುಗಳ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದು, 20 ಅಡಿ ಅಗಲ, ನಡುವೆ 6 ಅಡಿ ಎತ್ತರ, 40 ಅಡಿ ಉದ್ದ. ಕಮಾನಿನ ಇಳಿಜಾರು ಅಡಿಯಡಿಗೂ ಬೇರೆ, ಒಂದೇ ಗುಣಕ ಅಲ್ಲಿ ಸಿಗುವುದಿಲ್ಲ. ವೃತ್ತದ ತ್ರಿಜ್ಯ ಕಂಡುಹಿಡಿದು ಕಂಸದ ಉದ್ದ ತೆಗೆಯಬಹುದು. ಅದಕ್ಕಿಂತ ಸುಲಭವಾಗಿ ಪೈಪಿನ ಮೇಲೆ ಹಗ್ಗ ಹಾಯಿಸಿ, ಬಿಚ್ಚಿ ನೆಲದ ಮೇಲೆ ಎಳೆದು ಅಳೆದೆ. ಇಪ್ಪತ್ತನಾಲ್ಕೂವರೆ ಅಡಿ. ಆಮೇಲೆ ಕುತೂಹಲಕ್ಕೆ ಸೂತ್ರದಲ್ಲೂ ಹಾಕಿ ನೋಡಿದೆ, 24.5 ಬಂತು. ಉದ್ದದಿಂದ ಗುಣಿಸಿ 980, ಎರಡು ತುದಿಯ ಬಾಗಿಲ ಕಡೆಗೆ ಬೇರೆ.

ಮೇ ಕೊನೆಯ ವಾರ ಕೆಲಸ ಮುಗಿಯಿತು. ಹೊಸ ಹಂಚು 2,250 ತರಿಸಿದ್ದೆವು. ಮನೆಗೂ ಕೊಟ್ಟಿಗೆಗೂ ಹೊದಿಸಿದ ಮೇಲೆ 38 ಉಳಿದವು. ಅವನ್ನು ಕೊಟ್ಟಿಗೆಯ ಗೋಡೆಗೆ ಒರಗಿಸಿ ಇಟ್ಟಿದ್ದೇವೆ, ಮಂಗ ಹಾರಿದ ದಿನಕ್ಕೆ ಬೇಕು.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಸೂರಿನ ಕೆಳಗೆ ಡ್ರಮ್ ಇಡುವ ಮೊದಲು ಅಪ್ಪಯ್ಯ ಕೇಳಿದರು, "ಇಷ್ಟು ದೊಡ್ಡ ಮಾಡಿಗೆ ಎಷ್ಟು ನೀರು ಬರ್ತದೆ?" ಮಳೆಯ ಲೆಕ್ಕಕ್ಕೆ 1,846 ಬೇಡ. ಆಕಾಶದಿಂದ ಬೀಳುವ ನೀರಿಗೆ ಮಾಡು ಎಷ್ಟು ಕಡಿದಾದರೂ ಅಷ್ಟೇ ಜಾಗ, ಅದರ ನೆರಳಿನಷ್ಟು. ಒಂದು ಅಂಗುಲ ಮಳೆ ಬಿದ್ದರೆ 1,536 ಚದರ ಅಡಿಗೆ 128 ಘನ ಅಡಿ, ಸುಮಾರು 3,600 ಲೀಟರ್. "ಇನ್ನೂರು ಲೀಟರಿನ ಡ್ರಮ್ ಹದಿನೆಂಟು ಬೇಕು" ಎಂದೆ. ಅಪ್ಪಯ್ಯ ಹಾಗೇ ಮಳೆ ನೋಡುತ್ತಾ ಜಗಲಿಯ ಮೇಲೆ ಕೂತರು. ಏಪ್ರಿಲಿನಲ್ಲಿ ಅಮ್ಮ ಇಟ್ಟ ಕಲ್ಲು ಮುಂದಿನ ಮೂಲೆಯಲ್ಲಿ ಹಾಗೇ ಇತ್ತು. ಸೂರಿನ ನೀರು ಅದರಿಂದ ನಾಲ್ಕು ಬೆರಳು ಆಚೆಗೆ, ಹಂಚಿನ ತುದಿಯಿಂದ ಚಿಮ್ಮಿ, ಸಾಲಾಗಿ ಸಣ್ಣ ಕುಳಿ ತೋಡುತ್ತಿತ್ತು.